ಬಾಡಿಗೆ ಬರುವ ಬಿಲ್ಡಿಂಗ್ ಕೊಳ್ಳುವ ಮುಂಚೆ, ಒಳಗಿರುವವರನ್ನು ಮಾತಾಡಿಸಿ

ಬೆಂಗಳೂರಿನಲ್ಲಿ ಬಾಡಿಗೆ ಬರುವ ಸಣ್ಣ ಬಿಲ್ಡಿಂಗ್ ನೋಡಿ ಟೋಕನ್ ಕೊಡಲು ಹೊರಟಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ಕೊಡಿ. ನಾವು ಮನೆಯ ಜೊತೆಗೆ 24 ಲಕ್ಷ ರೂಪಾಯಿ ಸಾಲವನ್ನೂ ಗೊತ್ತಿಲ್ಲದೆ ಕೊಂಡುಕೊಂಡೆವು. ಆ ಸಾಲ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ ಇರಲಿಲ್ಲ. ಪಾಲಿಕೆಯ ಆಸ್ತಿ ಖಾತೆಯಲ್ಲಿ ಇರಲಿಲ್ಲ. ಕ್ರಯಪತ್ರದಲ್ಲೂ ಇರಲಿಲ್ಲ. ಆ ಮನೆಗಳಲ್ಲಿ ಇದ್ದವರಿಗೆ ಮಾತ್ರ ಗೊತ್ತಿತ್ತು. ನಾವು ಅವರನ್ನು ಕೇಳಲೇ ಇಲ್ಲ.

ಇದು 2022ರ ಮಾತು. ಮಾವನವರು ನಿವೃತ್ತರಾಗಿ ಪಿಎಫ್, ಗ್ರಾಚ್ಯುಟಿ ಬಂದಿತ್ತು. ಹಾಸನದ ಕಡೆ ನನ್ನ ಪಾಲಿಗೆ ಬಂದಿದ್ದ ಜಮೀನನ್ನೂ ಮಾರಿದ್ದೆವು. ಎಲ್ಲ ಸೇರಿ ಕೈಯಲ್ಲಿ 70 ಲಕ್ಷ. ನಾವಿರುವುದು ರಾಜಾಜಿನಗರದಲ್ಲಿ, ಅದೂ ಬಾಡಿಗೆ ಮನೆ. ಒಂದು ಫ್ಲಾಟ್ ಕೊಳ್ಳುವ ಬದಲು ತಿಂಗಳು ತಿಂಗಳು ಹಣ ಬರುವಂಥದ್ದು ಕೊಳ್ಳೋಣ, ಮಾವನವರಿಗೂ ಪಿಂಚಣಿ ಥರ ಆಗುತ್ತದೆ ಅಂತ ಯೋಚಿಸಿದೆವು. ಯೋಚನೆ ತಪ್ಪಲ್ಲ ಅಂತ ಈಗಲೂ ನನಗೆ ಅನಿಸುತ್ತದೆ.

ಬ್ರೋಕರ್ ತೋರಿಸಿದ್ದು ಅಂದ್ರಹಳ್ಳಿ ಕಡೆಯ ಬಿಲ್ಡಿಂಗ್. 30-40 ಸೈಟು. ನೆಲಮಹಡಿಯಲ್ಲಿ ಎರಡು ಮನೆ, ಮೊದಲನೇ ಮಹಡಿಯಲ್ಲಿ ಎರಡು, ಎಲ್ಲವೂ ಒಂದೊಂದು ಬೆಡ್‌ರೂಮಿನವು. ಅದರ ಮೇಲೆ ಎರಡು ಮಹಡಿ ಸೇರಿಸಿ ಒಂದು ಡ್ಯೂಪ್ಲೆಕ್ಸ್. ಕೆಳಗೆ ಬಾಡಿಗೆಯವರು, ಮೇಲೆ ಮಾಲೀಕರು ಅಂತ ಕಟ್ಟಿಸುತ್ತಾರಲ್ಲ, ಅದೇ ಥರದ್ದು. ಪೀಣ್ಯದ ಕಾರ್ಖಾನೆಗಳು ಹತ್ತಿರ. ಮನೆ ಖಾಲಿ ಬೀಳುವುದೇ ಇಲ್ಲ ಅಂದರು. ಅದು ಮಾತ್ರ ನಿಜ.

ಬೆಲೆ 1 ಕೋಟಿ 15 ಲಕ್ಷ. ಕೆಳಗಿನ ನಾಲ್ಕು ಮನೆಗಳಿಂದ ತಲಾ 9,000, ಡ್ಯೂಪ್ಲೆಕ್ಸಿನಿಂದ 20,000, ಒಟ್ಟು ತಿಂಗಳಿಗೆ 56,000 ಬಾಡಿಗೆ ಅಂತ ಲೆಕ್ಕ ಕೊಟ್ಟರು. ನಮಗೆ 45 ಲಕ್ಷ ಸಾಲ ಬೇಕಿತ್ತು. ಜಾಗ ಬಿ ಖಾತಾ (ಪೂರ್ತಿ ಸಕ್ರಮವಲ್ಲದ ಆಸ್ತಿಗಳಿಗೆ ಪಾಲಿಕೆ ಕೊಡುವ ಖಾತೆ) ಆಗಿದ್ದರಿಂದ ನಾವು ಕೇಳಿದ ಸರ್ಕಾರಿ ಬ್ಯಾಂಕುಗಳು ಆಗಲ್ಲ ಅಂದವು. ಕೊನೆಗೆ ಒಂದು ಖಾಸಗಿ ಫೈನಾನ್ಸ್ ಕಂಪನಿ ಶೇ. 11ರ ಬಡ್ಡಿಗೆ, 15 ವರ್ಷಕ್ಕೆ ಕೊಟ್ಟಿತು. ಕಂತು 51,000 ಚಿಲ್ಲರೆ. "ಬಾಡಿಗೆನೇ ಕಂತು ಕಟ್ಟುತ್ತೆ ಮೇಡಂ, ನಿಮ್ಮ ಸಂಬಳ ಮುಟ್ಟೋದೇ ಬೇಡ" ಅಂದರು ಬ್ರೋಕರ್. ನಾನು ಲೆಕ್ಕಪತ್ರದ ಕೆಲಸದವಳು. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಸರಿಯಾಗಿಯೇ ಬಂತು. ಆದರೆ ಆ 56,000 ಎಲ್ಲಿಂದ ಬಂದ ಅಂಕಿ ಅಂತ ನೋಡಲಿಲ್ಲ.

ನಾವು ಏನೂ ವಿಚಾರಿಸದೆ ಕೊಂಡೆವು ಅಂದುಕೊಳ್ಳಬೇಡಿ. ವಕೀಲರ ಹತ್ತಿರ ಹೋದೆವು. 30 ವರ್ಷದ ಇಸಿ ತೆಗೆಸಿದೆವು. ಮೂಲಪತ್ರ, ಖಾತಾ, ಕಂದಾಯದ ರಸೀದಿ ಎಲ್ಲ ತೋರಿಸಿದೆವು. ಬಾಡಿಗೆ ಕರಾರು ಅಂತ ಮಾರುವವರು 11 ತಿಂಗಳ ಐದು ಪ್ರಿಂಟ್‌ಔಟ್ ಕೊಟ್ಟರು. ಬಾಡಿಗೆಯವರು ಕೊಟ್ಟಿರುವ ಅಡ್ವಾನ್ಸ್ ಅಂತ ಬೆಲೆಯಲ್ಲಿ 3 ಲಕ್ಷ ಮುರಿದುಕೊಂಡರು ಕೂಡ. ನಾಲ್ಕು ಮನೆಗೆ ಐವತ್ತೈವತ್ತು ಸಾವಿರ, ಡ್ಯೂಪ್ಲೆಕ್ಸಿಗೆ ಒಂದು ಲಕ್ಷ. ನಾವು ಕೇಳುವ ಮೊದಲೇ ಅವರೇ ಮುರಿದುಕೊಂಡರು. ಎಷ್ಟು ನೇರ ಜನ ಅಂತ ಮಾವನವರು ಸಂತೋಷಪಟ್ಟರು. ನಮ್ಮ ಅನುಮಾನ ಹೋಗಿದ್ದೇ ಅಲ್ಲಿ.

ಬಿಲ್ಡಿಂಗ್ ನೋಡಲು ಎರಡು ಸಲ ಹೋಗಿದ್ದೆವು. ಎರಡೂ ಸಲ ಭಾನುವಾರ ಬೆಳಿಗ್ಗೆ, ಬ್ರೋಕರ್ ಜೊತೆ. "ಮಾರಾಟದ ವಿಷಯ ಎತ್ತಬೇಡಿ, ಹೆದರಿ ಖಾಲಿ ಮಾಡಿಬಿಡ್ತಾರೆ" ಅಂತ ಮೆಟ್ಟಿಲಲ್ಲೇ ಹೇಳಿದರು. ನ್ಯಾಯವಾಗಿಯೇ ಕಂಡಿತು. ಬಾಗಿಲಲ್ಲಿ ನಿಂತು ಅಡುಗೆಮನೆ, ಬಚ್ಚಲು ನೋಡಿ, ನಮಸ್ಕಾರ ಹೇಳಿ ಬಂದೆವು.

ನೋಂದಣಿ ಆಯಿತು. ಸ್ಟ್ಯಾಂಪ್ ಡ್ಯೂಟಿ, ಸೆಸ್, ನೋಂದಣಿ ಶುಲ್ಕ ಸೇರಿ ಆಗ ಶೇ. 6.6, ಅಂದರೆ ಸುಮಾರು ಏಳೂವರೆ ಲಕ್ಷ. ಅದಕ್ಕೆ ನನ್ನ ಒಡವೆ ಅಡವಿಟ್ಟೆವು. ಮುಂದಿನ ತಿಂಗಳ 5ನೇ ತಾರೀಕು ಮೊದಲ ಬಾಡಿಗೆ ತರಲು ನಾನೂ ನನ್ನ ಗಂಡನೂ ಹೋದೆವು.

ಮೊದಲ ಮನೆಯವರು ಬಾಗಿಲಲ್ಲೇ 9,000 ಫೋನ್‌ಪೇ ಮಾಡಿದರು. ಪಕ್ಕದ ಮನೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು. ಆಗಷ್ಟೇ ಕೆಲಸದಿಂದ ಬಂದಿದ್ದಳು. "ಬಾಡಿಗೆ ಯಾಕಕ್ಕ? ನಾವು ಲೀಸ್‌ಗೆ ಇರೋದಲ್ವಾ. ಆರು ಲಕ್ಷ ಕೊಟ್ಟಿದ್ದೀವಲ್ಲ" ಅಂದಳು. ನಮಗೆ ಅರ್ಥವೇ ಆಗಲಿಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪತ್ರ ತಂದಳು. ಇ-ಸ್ಟ್ಯಾಂಪ್ ಕಾಗದ, ಮೂರು ವರ್ಷದ ಅವಧಿ. ಕೆಳಗಿದ್ದ ಸಹಿ ನಮ್ಮ ಕ್ರಯಪತ್ರದಲ್ಲಿದ್ದದ್ದೇ ಸಹಿ.

ಮೊದಲ ಮಹಡಿಯಲ್ಲೂ ಒಂದು ಮನೆ ಹಾಗೇ, 6 ಲಕ್ಷ. ಡ್ಯೂಪ್ಲೆಕ್ಸಿನವರು 12 ಲಕ್ಷ ಕೊಟ್ಟಿದ್ದರು. ನಮಗೆ ತೋರಿಸಿದ್ದ ಕರಾರುಗಳಲ್ಲಿ ಮೂರನ್ನು ಅವರು ಕಣ್ಣಲ್ಲೂ ನೋಡಿರಲಿಲ್ಲ. ನಿಜವಾಗಿ ಬರುತ್ತಿದ್ದ ಬಾಡಿಗೆ ತಿಂಗಳಿಗೆ 18,000. ಅವತ್ತು ರಾತ್ರಿ ಮಾವನವರಿಗೆ ಹೇಗೆ ಹೇಳುವುದು ಅಂತ ಗೊತ್ತಾಗದೆ ಮನೆಯ ಹತ್ತಿರವೇ ಗಾಡಿ ನಿಲ್ಲಿಸಿ ತುಂಬ ಹೊತ್ತು ಕೂತಿದ್ದೆವು.

ಲೀಸ್ ಅಥವಾ ಭೋಗ್ಯ ಅಂದರೆ ಬೆಂಗಳೂರಿನವರಿಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಬಿಡುವಾಗ ಪೂರ್ತಿ ಹಣ ವಾಪಸ್. ಮಾಲೀಕರ ಕಡೆಯಿಂದ ನೋಡಿದರೆ ಇದು ಸಾಲವೇ. 9,000 ಬಾಡಿಗೆ ಬರುವ ಮನೆಯನ್ನು 6 ಲಕ್ಷಕ್ಕೆ ಕೊಟ್ಟರೆ ವರ್ಷಕ್ಕೆ 1,08,000 ಬಾಡಿಗೆ ಬಿಟ್ಟಂತೆ, ಅಂದರೆ ಶೇ. 18 ಬಡ್ಡಿ. ಅಷ್ಟು ಬಡ್ಡಿಗೆ ಹಣ ಎತ್ತುವವರು ಸಾಮಾನ್ಯವಾಗಿ ಕಷ್ಟದಲ್ಲೇ ಇರುತ್ತಾರೆ. ಅವಧಿ ಮುಗಿದಾಗ ಮುಂದಿನವರ ಹಣ ತೆಗೆದುಕೊಂಡು ಹಿಂದಿನವರಿಗೆ ಕೊಡುತ್ತಾರೆ. ನಡುವೆ ಮನೆ ಮಾರಿದರೆ ಆ ಹೊರೆ ಕೊಂಡವರ ತಲೆಗೆ.

ಇಂಥ ಪತ್ರಗಳನ್ನು ಜಾಸ್ತಿ ಜನ ನೋಂದಣಿ ಮಾಡಿಸುವುದಿಲ್ಲ. ನೋಂದಣಿ ಆಗದ್ದು ಇಸಿಯಲ್ಲಿ ಬರುವುದಿಲ್ಲ. 30 ವರ್ಷದ ಇಸಿ ಶುದ್ಧವಾಗಿದೆ ಅಂತ ನಾವು ನೆಮ್ಮದಿಯಾಗಿದ್ದೆವಲ್ಲ, ಅದರಲ್ಲಿ ಇದು ಕಾಣುವ ದಾರಿಯೇ ಇರಲಿಲ್ಲ.

ವಕೀಲರ ಹತ್ತಿರ ಮತ್ತೆ ಓಡಿದೆವು. ಮೋಸ ಹೋಗಿದ್ದೇವೆ, ನಮಗೆ ಗೊತ್ತೇ ಇರಲಿಲ್ಲ ಅಂದೆ. ಅವರು 1882ರ ಆಸ್ತಿ ವರ್ಗಾವಣೆ ಕಾಯ್ದೆ ತೆಗೆದು 3ನೇ ಸೆಕ್ಷನ್ನಿನ ಕೆಳಗಿನ ವಿವರಣೆ ಓದಿಸಿದರು. ಆಸ್ತಿಯಲ್ಲಿ ಯಾರು ನಿಜವಾಗಿ ವಾಸವಿದ್ದಾರೋ, ಅವರಿಗೆ ಆ ಆಸ್ತಿಯ ಮೇಲೆ ಏನು ಹಕ್ಕಿದೆ ಅನ್ನುವುದು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಕಾನೂನು ಎಣಿಸುತ್ತದೆ. ಕಣ್ಣೆದುರು ಜನ ಇದ್ದರು, ಬಾಗಿಲು ತಟ್ಟಿ ಕೇಳಬೇಕಾದ್ದು ಕೊಳ್ಳುವವರ ಕೆಲಸ. ಅದೇ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ಬಾಡಿಗೆಗಿಟ್ಟ ಆಸ್ತಿ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಲೀಸ್‌ಗೆ ಇರುವವರ ಪತ್ರ ನೋಂದಣಿ ಆಗಿಲ್ಲ, ಅದು ನಮಗೆ ಸ್ವಲ್ಪ ಅನುಕೂಲ, ಆದರೆ ಒಳಗಿರುವವರನ್ನು ಕೋರ್ಟಿಗೆ ಹೋಗದೆ ಎಬ್ಬಿಸಲು ಆಗುವುದಿಲ್ಲ, ವರ್ಷಗಳೇ ಬೇಕು ಅಂದರು. ಆ ಒಂದು ವಿವರಣೆಯನ್ನು ಟೋಕನ್ ಕೊಡುವ ಮುಂಚೆ ಯಾರಾದರೂ ಓದಿ ಹೇಳಿದ್ದರೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮತ್ತೆ, ಎಬ್ಬಿಸಲು ಮನಸ್ಸಾದರೂ ಹೇಗೆ ಬರಬೇಕು? ಆ ಗಾರ್ಮೆಂಟ್ಸ್ ಹೆಣ್ಣುಮಗಳು ತಾಳಿ ಸರ ಒಂದು ಬಿಟ್ಟು ಎಲ್ಲ ಬಂಗಾರ ಮಾರಿ, ಸಂಘದಲ್ಲಿ ಸಾಲ ಮಾಡಿ ಆ 6 ಲಕ್ಷ ಹೊಂದಿಸಿದ್ದಳು. ನಮಗೆ ಆದದ್ದೇ ಮೋಸ ಅವಳಿಗೂ ಆಗಿತ್ತು. ನಮ್ಮನ್ನು ನೋಡಿ ಅವಳು ಹೆದರಿದಳು, ಅವಳನ್ನು ನೋಡಿ ನಾವು.

ಮಾರಿದವರು ಮೊದಲು "ಕೊಡ್ತೀನಿ" ಅಂದರು, ಆಮೇಲೆ "ಎಲ್ಲ ಮಾತಾಡಿಯೇ ಬೆಲೆ ಕಮ್ಮಿ ಮಾಡಿದ್ದೆ" ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಬ್ರೋಕರ್ ತನಗೇನೂ ಗೊತ್ತಿಲ್ಲ ಅಂದರು. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದರು. ಕೋರ್ಟಿನಲ್ಲಿ ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ.

2023ರಲ್ಲಿ ಸಾಲ ಮಾಡಿ ಆ ಹೆಣ್ಣುಮಗಳ 6 ಲಕ್ಷ ವಾಪಸ್ ಕೊಟ್ಟೆವು. ಆ ಮನೆ ಈಗ 10,000ಕ್ಕೆ ಹೋಗಿದೆ. ಮೊದಲ ಮಹಡಿಯವರಿಗೆ 3 ಲಕ್ಷ ಕೊಟ್ಟಿದ್ದೇವೆ, ಉಳಿದ 3 ಲಕ್ಷ ಕೊಡುವವರೆಗೆ ಅರ್ಧ ಬಾಡಿಗೆ, 4,500. ಡ್ಯೂಪ್ಲೆಕ್ಸಿನ 12 ಲಕ್ಷ ಹಾಗೇ ಇದೆ. ಅವರೂ ಹಾಗೇ ಇದ್ದಾರೆ. ಈಗ ಒಟ್ಟು ಬರುವುದು 32,500. ಕಂತು 51,000. ಉಳಿದದ್ದು ನಮ್ಮ ಸಂಬಳದಿಂದ.

ಬೇರೆ ತಾಪತ್ರಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ನಮಗೆ ಆ ದರಕ್ಕೆ ಯಾರೂ ನೀರು ತರಲಿಲ್ಲ. ಆ ಎರಡು ತಿಂಗಳ ಬಾಡಿಗೆಯಲ್ಲಿ ದೊಡ್ಡ ಪಾಲು ನೀರಿಗೇ ಹೋಯಿತು. ಕಟ್ಟಡಕ್ಕೆ ಮಂಜೂರಾದ ನಕ್ಷೆ ಇಲ್ಲ. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬರುತ್ತೆ ಅಂತ ಬ್ರೋಕರ್ ಹೇಳಿದ್ದರು. ಅದಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು ಅಂತ ನಮಗೆ ಆಮೇಲೆ ತಿಳಿಯಿತು.

ನಮ್ಮ ಕೈಯಲ್ಲೇ ಒಂದು ಸುಳಿವು ಇತ್ತು. ಮಾರುವವರು ಕೊಟ್ಟ ಬಿಬಿಎಂಪಿ ಕಂದಾಯದ ರಸೀದಿಗಳಲ್ಲಿ ಇಡೀ ಕಟ್ಟಡ ಸ್ವಂತ ವಾಸ ಅಂತ ಇತ್ತು. ಬಾಡಿಗೆ ಕೊಟ್ಟ ಭಾಗಕ್ಕೆ ಆಗ ಕಂದಾಯದ ದರ ಸ್ವಂತ ವಾಸದ ಎರಡರಷ್ಟು. ಪಾಲಿಕೆಗೆ ಸುಳ್ಳು ಬರೆದುಕೊಟ್ಟವರು ನಮಗೆ ನಿಜ ಹೇಳುತ್ತಾರೆ ಅಂತ ಯಾಕೆ ನಂಬಿದೆವೋ. ನೀವು ನೋಡುವ ಬಿಲ್ಡಿಂಗಿನ ರಸೀದಿ ಕೇಳಿ ಇದನ್ನೊಂದು ಓದಿ.

ಮಾರುವವರ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ವರ್ಷದ್ದು ಕೇಳಿ. ಬಾಡಿಗೆ ಬಂದಿದ್ದರೆ ಅದರಲ್ಲಿ ಇರುತ್ತದೆ. ಎಲ್ಲ ಕ್ಯಾಶ್ ಅಂದರೆ ಅಲ್ಲಿಗೇ ನಿಲ್ಲಿಸಿ. ಬ್ರೋಕರ್ ಇಲ್ಲದೆ, ವಾರದ ದಿನ ಸಂಜೆ ಏಳರ ಮೇಲೆ, ಎಲ್ಲರೂ ಕೆಲಸದಿಂದ ಬಂದ ಹೊತ್ತಿಗೆ ಹೋಗಿ. ಪ್ರತಿ ಬಾಗಿಲು ತಟ್ಟಿ. ಬಾಡಿಗೆನಾ ಲೀಸಾ, ಅಡ್ವಾನ್ಸ್ ಎಷ್ಟು, ಪತ್ರ ಯಾವುದು ಅಂತ ಕೇಳಿ, ಪತ್ರದ ಫೋಟೊ ತೆಗೆದುಕೊಳ್ಳಿ. ಹೆದರಿ ಖಾಲಿ ಮಾಡಿದರೆ ಮಾಡಲಿ, ಪೀಣ್ಯದ ಸುತ್ತ ಮನೆ ತುಂಬಲು ಎಷ್ಟು ದಿನ ಬೇಕು? ನೋಂದಣಿಗೆ ಮುಂಚೆ ಪ್ರತಿಯೊಬ್ಬರಿಂದಲೂ, ಇಷ್ಟು ಬಾಡಿಗೆ, ಇಷ್ಟು ಅಡ್ವಾನ್ಸ್, ಬೇರೆ ಹಣ ಕೊಟ್ಟಿಲ್ಲ ಅಂತ ಸಹಿ ಮಾಡಿದ ಪತ್ರ ಬರೆಸಿಕೊಳ್ಳಿ. ಲೀಸ್ ಇದ್ದರೆ ಆ ಮೊತ್ತ ಪೂರ್ತಿ ಬೆಲೆಯಲ್ಲಿ ಕಳೆಯಬೇಕು, ಕ್ರಯಪತ್ರದಲ್ಲಿ ಬರೆಯಬೇಕು. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಒಳ್ಳೆಯದೇ. ಆದರೆ ಅದರಲ್ಲೂ ಒಳಗೆ ಯಾರು ಭೋಗ್ಯಕ್ಕಿದ್ದಾರೆ ಅಂತ ಕಾಣುವುದಿಲ್ಲ.

ಲೀಸ್‌ಗೆ ಮನೆ ಹಿಡಿಯುವವರಿಗೂ ಒಂದು ಮಾತು. ಖರ್ಚಾದರೂ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಇಸಿಯಲ್ಲಿ ನಿಮ್ಮ ಹೆಸರು ಬಂದರೆ ನಿಮಗೆ ಗೊತ್ತಿಲ್ಲದ ಹಾಗೆ ಮನೆ ಮಾರುವುದು ಅಷ್ಟು ಸುಲಭವಲ್ಲ.

ಹೋದ ವಾರ ನಮ್ಮ ಆಫೀಸಿನ ಹುಡುಗಿಯೊಬ್ಬಳು ಲಗ್ಗೆರೆಯಲ್ಲಿ ಇಂಥದ್ದೇ ಬಿಲ್ಡಿಂಗ್ ನೋಡಿದ್ದೇನೆ ಅಂದಳು. ಗುರುವಾರ ಸಂಜೆ ನಾನೇ ಜೊತೆಗೆ ಹೋದೆ. ಮೂರು ಮನೆಯವರು ಬಾಡಿಗೆ ಕಟ್ಟಿದ್ದನ್ನು ಫೋನಿನಲ್ಲಿ ತೋರಿಸಿದರು. ನಾಲ್ಕನೆಯ ಮನೆಗೆ ಬೀಗ. ಊರಿಗೆ ಹೋಗಿದ್ದಾರಂತೆ, ಬರುವುದು ಹತ್ತು ದಿನವಂತೆ. ಸೋಮವಾರ ಟೋಕನ್ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತೆ ಅಂತ ಬ್ರೋಕರ್ ಅವಳಿಗೆ ದಿನಾ ಫೋನ್ ಮಾಡುತ್ತಿದ್ದಾರೆ. ಹೋದರೆ ಹೋಗಲಿ, ಆ ಬೀಗ ತೆಗೆಯುವವರೆಗೆ ಒಂದು ರೂಪಾಯಿ ಕೊಡಬೇಡ ಅಂದಿದ್ದೇನೆ.