ಮಂಡಿಗೆ ಹಿಡಿಸಿದ್ದು ಭುಜಕ್ಕೆ ಹಿಡಿಸಲಿಲ್ಲ: ಮನೆಯ ಉಪಚಾರಗಳ ಒಂದು ಹೋಲಿಕೆ

ಬಲ ಮಂಡಿಯಲ್ಲಿ ಸವೆತ, ಎಡ ಭುಜದಲ್ಲಿ ಬಿಗಿತ. ಇವೆರಡನ್ನೂ ಒಟ್ಟಿಗೆ ಹೊತ್ತು ಒಂದೂವರೆ ವರ್ಷ ಕಳೆದಿರುವ ನಾನು, ಮನೆಯಲ್ಲಿ ಮಾಡಿಕೊಳ್ಳಬಹುದಾದ ಉಪಚಾರಗಳನ್ನು ಒಂದೊಂದನ್ನೂ ಕನಿಷ್ಠ ಮೂರು ವಾರ ಬಿಡದೆ ಪ್ರಯೋಗಿಸಿ ನೋಡಿದ್ದೇನೆ. ಮಂಡಿಯದು ಆಸ್ಟಿಯೋ ಆರ್ಥ್ರೈಟಿಸ್, ಭುಜದ್ದು ಫ್ರೋಜನ್ ಶೋಲ್ಡರ್ ಎಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ ಇವನ್ನು ಆರಂಭಿಸಿದ್ದು. ಎರಡನೆಯದು ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನಾನು ಎರಡೂ ಗುಂಪಿಗೆ ಸೇರಿದವಳು.

ಮೊದಲು ಶಾಖ ಮತ್ತು ಐಸು. ಬೆಳಗ್ಗೆ ಮಿಸುಕಾಡದ ಭುಜಕ್ಕೆ ಬಿಸಿನೀರಿನ ರಬ್ಬರ್ ಚೀಲವನ್ನು ಹದಿನೈದು ನಿಮಿಷ ಇಟ್ಟರೆ ಕೈ ಸ್ವಲ್ಪ ಸಡಿಲಗೊಂಡು ತಲೆ ಬಾಚಿಕೊಳ್ಳುವಷ್ಟಾದರೂ ಮೇಲೇರುತ್ತಿತ್ತು. ಮೆಟ್ಟಿಲು ಹತ್ತಿಳಿದು ಊದಿಕೊಂಡ ಮಂಡಿಗೆ ಅದೇ ಚೀಲವನ್ನಿಟ್ಟ ದಿನಗಳಲ್ಲಿ ಮಾತ್ರ ರಾತ್ರಿಯ ಸೆಳೆತ ಹೆಚ್ಚಾಯಿತು. ಊತವಿರುವಾಗ ಬಟ್ಟೆಯಲ್ಲಿ ಸುತ್ತಿದ ಐಸು, ಊತವಿಲ್ಲದೆ ಬರೀ ಬಿಗಿತವಿರುವಾಗ ಶಾಖ ಎಂಬ ಲೆಕ್ಕ ನನಗೆ ಸರಿಹೋಯಿತು. ಅಮ್ಮನ ಕಾಲದ ಕಲ್ಲುಪ್ಪಿನ ಗಂಟಿನಲ್ಲಿ ಶಾಖ ಹಿತವಾಗಿ ಇಳಿಯುವುದು ನಿಜ. ಆದರೆ ಬಾಣಲೆಯಲ್ಲಿ ಹುರಿದ ಉಪ್ಪು ಎಷ್ಟು ಕಾದಿದೆ ಎಂದು ತಿಳಿಯುವುದಿಲ್ಲ, ಒಮ್ಮೆ ತೊಡೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಎದ್ದಿತು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಂದಿರುವವರು ಇದರ ಸಹವಾಸಕ್ಕೆ ಹೋಗದಿರುವುದು ಕ್ಷೇಮ.

ತೈಲ ಮತ್ತು ಜೆಲ್ ನಡುವಿನ ಪೈಪೋಟಿಯಲ್ಲಿ ನನ್ನ ಅಭಿಪ್ರಾಯ ಎರಡು ಸಲ ಬದಲಾಯಿತು. ಮಹಾನಾರಾಯಣ ತೈಲವನ್ನು ಬೆಚ್ಚಗೆ ಮಾಡಿ ತಿಕ್ಕಿದಾಗ ಎರಡು ಕಡೆಯೂ ಹಾಯೆನಿಸಿತು. ಸಂಶಯ ನಿವಾರಣೆಗೆಂದು ಮುಂದಿನ ಮೂರು ವಾರ ಅಡುಗೆಮನೆಯ ಎಳ್ಳೆಣ್ಣೆಯನ್ನೇ ಹಚ್ಚಿದೆ, ಹಾಯೆನಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಎಣ್ಣೆಗಿಂತ ತಿಕ್ಕುವ ಕೈಗೇ ಹೆಚ್ಚಿನ ಶ್ರೇಯ ಸಲ್ಲಬೇಕೆಂದು ಈಗ ನನಗನಿಸುತ್ತದೆ. ನೋವು ನಿವಾರಕವಾದ ಡೈಕ್ಲೋಫೆನಾಕ್ ಜೆಲ್‌ನಿಂದ ಆರಂಭದಲ್ಲಿ ಏನೂ ಪ್ರಯೋಜನವಾಗದಿದ್ದುದಕ್ಕೆ ಕಾರಣ ನನ್ನ ಜಿಪುಣತನ. ಶೇಕಡಾ 1.16ರ ಜೆಲ್ಲನ್ನು ಒಂದು ಸಲಕ್ಕೆ 2ರಿಂದ 4 ಗ್ರಾಂನಂತೆ ದಿನಕ್ಕೆ ಮೂರು ನಾಲ್ಕು ಬಾರಿ ಹಚ್ಚಬೇಕು. ಅಂದರೆ ಮಂಡಿಗೆ 4 ಗ್ರಾಂನಂತೆ ಮೂರು ಹೊತ್ತು ಹಚ್ಚಿದರೆ 30 ಗ್ರಾಂನ ಟ್ಯೂಬು ಎರಡೂವರೆ ದಿನಕ್ಕೇ ಮುಗಿಯುತ್ತದೆ. ನಾನು ಕಾಳಿನಷ್ಟು ಹಿಂಡಿ ಒಂದೇ ಟ್ಯೂಬನ್ನು ತಿಂಗಳಿಡೀ ಎಳೆದಿದ್ದೆ. ಸರಿಯಾದ ಪ್ರಮಾಣಕ್ಕೆ ಬಂದ ಎರಡನೆಯ ವಾರದಲ್ಲಿ ಮಂಡಿಯ ನೋವು ಸ್ಪಷ್ಟವಾಗಿ ತಗ್ಗಿತು, ಭುಜದಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಲಿಲ್ಲ. ಮಂಡಿಯ ಕೀಲು ಚರ್ಮಕ್ಕೆ ಹತ್ತಿರ, ಭುಜದ ಕೀಲು ದಪ್ಪ ಸ್ನಾಯುವಿನಡಿ ಆಳದಲ್ಲಿದೆ. ಇದೇ ಔಷಧದ ಮಾತ್ರೆಯನ್ನು ಮನೆಯಲ್ಲಿ ನಾನಾಗಿಯೇ ನುಂಗಲು ನನಗೆ ಧೈರ್ಯವಿಲ್ಲ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿದ್ದರಿಂದಲೇ 2006ರಲ್ಲಿ ನಮ್ಮ ದೇಶದಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಹದ್ದಿನ ದೇಹ ಬೇರೆ, ನಮ್ಮದು ಬೇರೆ, ಆದರೂ ನನ್ನ ಮೂತ್ರಪಿಂಡದ ಮೇಲೆ ಸಕ್ಕರೆ ಕಾಯಿಲೆಯ ಹೊರೆ ಈಗಾಗಲೇ ಇದೆ.

ಮಂಡಿಗೆ ತೊಡುವ ಬಿಗಿಪಟ್ಟಿ, ಅಂದರೆ ನೀ ಕ್ಯಾಪ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಂಗಡಿಯವರು ಅಳತೆ ತೆಗೆಯದೆ ಕಣ್ಣಂದಾಜಿನಲ್ಲಿ ಕೊಟ್ಟ ಮೊದಲನೆಯದು ಮೀನಖಂಡದವರೆಗೆ ಜಾರುತ್ತಿತ್ತು. ಅಳೆದು ತಂದ ಎರಡನೆಯದನ್ನು ಮಾರುಕಟ್ಟೆಗೆ ಹೋಗುವಾಗ ಮಾತ್ರ ಹಾಕುತ್ತೇನೆ. ಹರಳೆಣ್ಣೆ ಸವರಿದ ಎಕ್ಕದೆಲೆಯ ಕಟ್ಟಿನಿಂದ ಸಿಕ್ಕಿದ್ದು ತುರಿಕೆ. ಕೀಲುಗಳಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮಿನ್ ಮಾತ್ರೆಗೆ ಮೂರು ತಿಂಗಳು ಹಣ ಸುರಿದ ನಂತರ, ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ತನ್ನ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಅದು ಬೇಡವೆಂದೂ, ಹಚ್ಚುವ ಜೆಲ್ ಹಾಗೂ ವ್ಯಾಯಾಮ ಬೇಕೆಂದೂ ಹೇಳಿರುವುದು ತಿಳಿಯಿತು.

ಇನ್ನು ವ್ಯಾಯಾಮ. ಅಂಗಾತ ಮಲಗಿ, ಎಡಗಾಲನ್ನು ಮಡಚಿ, ಬಲಗಾಲನ್ನು ನೆಟ್ಟಗೆ ಒಂದಡಿ ಎತ್ತಿ ಐದು ಸೆಕೆಂಡು ಹಿಡಿಯುವುದು, ಹೀಗೆ ಹತ್ತು ಸಲ. ಕೈಯೂರದೆ ಕುರ್ಚಿಯಿಂದ ಏಳುವುದು ಹತ್ತು ಸಲ. ಮೊದಲ ಹನ್ನೆರಡು ದಿನ ನೋವು ಹೆಚ್ಚೇ ಆಯಿತು, ಇಲ್ಲಿಯೇ ಬಹುಮಂದಿ ಬಿಟ್ಟುಬಿಡುತ್ತಾರೆ. ಆರನೆಯ ವಾರದಲ್ಲಿ ಬಸ್ಸಿನ ಮೆಟ್ಟಿಲನ್ನು ಕಂಬಿಗೆ ಜೋತುಬೀಳದೆ ಹತ್ತಿದೆ. ಈ ನಡುವೆ 3 ಕಿಲೋ ತೂಕವೂ ಇಳಿದಿತ್ತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆಯಾದ್ದರಿಂದ ಶ್ರೇಯವನ್ನು ವ್ಯಾಯಾಮವೊಂದಕ್ಕೇ ಕೊಡಲಾರೆ.

ಭುಜಕ್ಕೆ ಮಾಡಿದ್ದು ಬೇರೆ. ಬಲಗೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ಇಳಿಬಿಟ್ಟ ಎಡಗೈಯಲ್ಲಿ ಅರ್ಧ ನೀರು ತುಂಬಿದ ಸ್ಟೀಲ್ ಚೊಂಬನ್ನು ಹಿಡಿದು ಲೋಲಕದಂತೆ ಸುತ್ತಿಸುವುದು. ಮೈಯ ತೂಗಾಟಕ್ಕೆ ಕೈ ತಾನಾಗಿ ತಿರುಗಿದರೆ ನೀರು ಚೆಲ್ಲುವುದಿಲ್ಲ, ಭುಜದಿಂದ ಬಲವಂತವಾಗಿ ತಿರುಗಿಸಿದೊಡನೆ ಪಾದದ ಮೇಲೆ ಬೀಳುತ್ತದೆ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕುತ್ತಿದ್ದೆ. ಮೊದಲ ಗೆರೆ ನೆಲದಿಂದ 118 ಸೆಂಟಿಮೀಟರ್, ನಾಲ್ಕು ತಿಂಗಳ ನಂತರದ್ದು 171. ಶಾಖ ಕೊಡದೆ ಮಾಡಿದ ದಿನಗಳ ಗೆರೆಗಳು ಹಿಂದಿನ ದಿನದವಕ್ಕಿಂತ ಕೆಳಗಿವೆ. ಫ್ರೋಜನ್ ಶೋಲ್ಡರ್ ಒಂದರಿಂದ ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಸಡಿಲಗೊಳ್ಳುವ ಕಾಯಿಲೆ, ಆದ್ದರಿಂದ ಈ 53 ಸೆಂಟಿಮೀಟರಿನಲ್ಲಿ ಕಾಲದ ಪಾಲೆಷ್ಟು, ಚೊಂಬಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು. ತುರುಬು ಕಟ್ಟುವುದು, ತಂತಿಯ ಮೇಲೆ ಸೀರೆ ಹರವುವುದು ಈಗ ಆಗುತ್ತದೆ. ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದು ಆಗುತ್ತಿಲ್ಲ. ಅದಕ್ಕೆಂದು ಟವೆಲ್ಲನ್ನು ಬೆನ್ನ ಹಿಂದೆ ಎರಡು ತುದಿ ಹಿಡಿದು ಎಳೆಯುವ ವ್ಯಾಯಾಮವನ್ನು ಆರಂಭಿಸಿ ಹನ್ನೊಂದು ದಿನಗಳಷ್ಟೇ ಆಗಿರುವುದರಿಂದ ಅದನ್ನು ಈ ಹೋಲಿಕೆಗೆ ಸೇರಿಸಿಲ್ಲ.