ಕುಡಿಸಿ ನೋಡದೆಯೇ ಬರೆದುಕೊಟ್ಟ ವರದಿ

ತುಮಕೂರಿನಲ್ಲಿ ‘ಫೀಡಿಂಗ್ ಥೆರಪಿ’ ಎಂದು ಬೋರ್ಡು ಹಾಕಿಕೊಂಡಿರುವ ಖಾಸಗಿ ಕೇಂದ್ರವೊಂದರಲ್ಲಿ ನಮ್ಮ ಮಗಳಿಗೆ ನಡೆದ ನುಂಗುವಿಕೆಯ ತಪಾಸಣೆಯ ಬಗ್ಗೆ, ಇಂಥದೇ ತೊಂದರೆಯಿರುವ ಮಕ್ಕಳ ಪೋಷಕರು ಎಚ್ಚರದಿಂದಿರಲಿ ಎಂದು ಬರೆಯುತ್ತಿದ್ದೇನೆ.

ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಹಾಲು ಕುಡಿಯುವಾಗ ಹಣೆ ಬೆವರುತ್ತಿತ್ತು, ನಡುನಡುವೆ ಬಾಟಲಿ ಬಿಟ್ಟು ಏದುಸಿರು ಬಿಡುತ್ತಿತ್ತು, ಕುಡಿದಾದ ಮೇಲೆ ಗಂಟಲು ಗೊರಗೊರ ಎನ್ನುತ್ತಿತ್ತು. ನ್ಯುಮೋನಿಯಾ ಮರುಕಳಿಸಿದಾಗ ಮಕ್ಕಳ ವೈದ್ಯರು ನುಂಗುವಿಕೆಯ ತಪಾಸಣೆ ಮಾಡಿಸಲು ಹೇಳಿದರು. ಕೇಂದ್ರದವರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಗ್ಲೌಸು ಹಾಕಿದ ಬೆರಳನ್ನು ಚೀಪಿಸಿ, ‘ಕೆಮ್ಮು ಇಲ್ಲವಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತಿಲ್ಲ’ ಎಂದು ವರದಿ ಬರೆದುಕೊಟ್ಟರು. ನನ್ನ ಹೆಂಡತಿ ಮೇಜಿನ ಮೇಲೆ ತೆಗೆದಿಟ್ಟ ಹಾಲಿನ ಬಾಟಲಿಯನ್ನು ಯಾರೂ ಮುಟ್ಟಲಿಲ್ಲ. ಹೊರಡುವಾಗ ಮಾತ್ರ ಹಾಲನ್ನು ಗಟ್ಟಿ ಮಾಡುವ ಪುಡಿಯ ಡಬ್ಬಿಯನ್ನು ಕೈಗಿತ್ತರು. ಹಾಲು ಸರಿಯಾಗಿಯೇ ಇಳಿಯುತ್ತಿದ್ದರೆ ಈ ಪುಡಿ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಮಗು ಮತ್ತೆ ಆಸ್ಪತ್ರೆ ಸೇರಿದ ಮೇಲೆ ಬೆಂಗಳೂರಿನಲ್ಲಿ ವಿಡಿಯೋಫ್ಲೂರೋಸ್ಕೋಪಿ ಮಾಡಿದರು. ಬೇರಿಯಂ ಬೆರೆಸಿದ ಹಾಲನ್ನು ಕುಡಿಸುತ್ತಾ ಎಕ್ಸ್-ರೇ ಚಲನಚಿತ್ರ ತೆಗೆಯುವ ಈ ಪರೀಕ್ಷೆಯಲ್ಲಿ, ಹಾಲಿನ ಕಪ್ಪು ಗೆರೆಯೊಂದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುವುದನ್ನು ಪರದೆಯ ಮೇಲೆ ಕಂಡೆವು. ಆಗಲೂ ಮಗು ಕೆಮ್ಮಲಿಲ್ಲ. ಶಿಶುಗಳಲ್ಲಿ ಹೀಗೆ ಸದ್ದಿಲ್ಲದೆ ಹಾಲು ಶ್ವಾಸನಾಳಕ್ಕೆ ಹೋಗುವುದು ಅಪರೂಪವಲ್ಲ. ಕೆಮ್ಮಿಲ್ಲ ಎಂಬ ಒಂದೇ ಆಧಾರದ ಮೇಲೆ ತೀರ್ಪು ಕೊಡುವವರನ್ನು ನಂಬಬೇಡಿ.

ಪುಡಿಯ ವಿಷಯವೂ ಸಣ್ಣದಲ್ಲ. ಕ್ಸಾಂಥನ್ ಗಮ್ ಎಂಬ ಅಂಟು ಇರುವ ಇಂಥದೊಂದು ಉತ್ಪನ್ನವನ್ನು 37 ವಾರಕ್ಕೆ ಮೊದಲು ಹುಟ್ಟಿದ ಶಿಶುಗಳಿಗೆ ಕೊಡಬಾರದೆಂದು, ಕರುಳಿನ ಮಾರಕ ಉರಿಯೂತದ ಪ್ರಕರಣಗಳ ಹಿನ್ನೆಲೆಯಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲೇ ಎಚ್ಚರಿಸಿತ್ತು. ಡಬ್ಬಿ ಕೊಟ್ಟವರು ಮಗು ಎಷ್ಟು ವಾರಕ್ಕೆ ಹುಟ್ಟಿತೆಂದು ಕೇಳಲೇ ಇಲ್ಲ.

ಇಂಥ ಕೇಂದ್ರಕ್ಕೆ ಹೋಗುವ ಮೊದಲು ಥೆರಪಿಸ್ಟರ ಆರ್.ಸಿ.ಐ. (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ಆ ಮಂಡಳಿಯ 1992ರ ಕಾಯ್ದೆಯಡಿ, ನುಂಗುವಿಕೆಯನ್ನೂ ತಪಾಸಣೆ ಮಾಡುವ ವಾಕ್ ಮತ್ತು ಶ್ರವಣ ತಜ್ಞರಿಗೆ ಅದು ಕಡ್ಡಾಯ. ಮಗು ಹಸಿದಿರುವ ಹೊತ್ತಿಗೆ ಸಮಯ ಪಡೆದು, ಮನೆಯ ಬಾಟಲಿ ಅಥವಾ ಒಳಲೆಯನ್ನೇ ಒಯ್ದು, ದಿನವೂ ಕುಡಿಸುವವರ ಕೈಯಿಂದಲೇ ಕುಡಿಸುವಾಗ ಉಸಿರು, ಮೈಬಣ್ಣ, ಆಕ್ಸಿಜನ್ ಮಟ್ಟವನ್ನು ಗಮನಿಸುವಂತೆ ಒತ್ತಾಯಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆಯ ತೊಂದರೆಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಮನೆಯಲ್ಲಿ ಕುಡಿಸುವಾಗಿನ ವಿಡಿಯೋ ಮೊಬೈಲಿನಲ್ಲಿದ್ದರೆ ಅದನ್ನೂ ತೋರಿಸಿ. ಆಸ್ಪತ್ರೆಯಲ್ಲಿ ಮಗು ಕುಡಿಯಲು ಒಪ್ಪದೆ ಹಟ ಮಾಡಿದಾಗ ನಮ್ಮ ಕೆಲಸಕ್ಕೆ ಬಂದದ್ದು ಅದೇ.