ಚಾರ್ಜ್ ಹಿಡಿಯದ ಡ್ರಿಲ್ ಬ್ಯಾಟರಿ: ಜಂಪ್, ಪವರ್ ಸಪ್ಲೈ, ಹೊಸ ಸೆಲ್ – ಮೂರನ್ನೂ ಮಾಡಿ ನೋಡಿದ್ದು

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆ ತೆಗೆದರೆ, 18 ವೋಲ್ಟಿನ ನಾಲ್ಕು ಪ್ಯಾಕ್‌ಗಳಲ್ಲಿ ಮೂರನ್ನು ಚಾರ್ಜರ್ ಒಪ್ಪಲೇ ಇಲ್ಲ. ಹಾಕಿದ ಕೂಡಲೇ ಕೆಂಪು ದೀಪ ಮಿಣುಕುವುದು, ಅಷ್ಟೇ. ನನ್ನ ಜೊತೆ ಕೆಲಸಕ್ಕೆ ಬರುವ ಅಕ್ಕನ ಮಗ ನೋಡಿದವನೇ, "ಸೆಲ್ ಸತ್ತಾವ್ರಿ ಮಾಮಾ, ಹೊಸಾವ ತಗೊಂಡಬಿಡ್ರಿ" ಅಂದ. ಮೂರು ಪ್ಯಾಕ್ ಹೊಸದು ಅಂದರೆ ಎರಡು ವಾರದ ದುಡಿಮೆ. ಮೊದಲು ಮೀಟರ್ ಹಚ್ಚಿ ನೋಡೋಣ ಅಂದೆ.

18 ವೋಲ್ಟಿನ ಲಿಥಿಯಂ ಪ್ಯಾಕ್ ಒಳಗೆ ಐದು ಸೆಲ್ ಸಾಲಾಗಿ ಇರುತ್ತವೆ. ಒಂದೊಂದು ತುಂಬಿದಾಗ 4.2 ವೋಲ್ಟ್, ಒಟ್ಟು 21. ಮೂರು ಪ್ಯಾಕ್‌ಗಳ ಲೆಕ್ಕ ಹೀಗೆ ಬಂತು: 13.2, 14.6, 18.9. ಇದನ್ನು ನೋಡಿ 14.6 ಇರುವುದು 13.2 ಇರುವುದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಬಿಚ್ಚಿ ಒಂದೊಂದೇ ಸೆಲ್ ಅಳೆದಾಗ ತಿಳಿಯಿತು. 13.2ರದ್ದರಲ್ಲಿ ಐದೂ ಸೆಲ್ 2.6ರ ಆಸುಪಾಸು. ಎಲ್ಲವೂ ಹಸಿದಿವೆ, ಆದರೆ ಸಮ ಇವೆ. 14.6ರದ್ದರಲ್ಲಿ ನಾಲ್ಕು 3.55, ಐದನೆಯದು ಬರೀ 0.4. ಒಟ್ಟು ಲೆಕ್ಕ ನೋಡಿ ನಿರ್ಧಾರ ಮಾಡಬಾರದು ಅಂತ ಹೇಳುವುದು ಇದಕ್ಕೇ. ಬಿಚ್ಚುವಾಗ ಕೈಯ ಉಂಗುರ ತೆಗೆದಿಡಿ. ಸ್ಕ್ರೂಡ್ರೈವರ್ ಜಾರಿ ಎರಡು ತುದಿಗೆ ತಾಗಿದರೆ ಕಿಡಿ ಹಾರುತ್ತದೆ.

18.9ರದ್ದಕ್ಕೆ ರೋಗವೇ ಇರಲಿಲ್ಲ. ಪ್ಲಸ್ಸು, ಮೈನಸ್ಸಿನ ನಡುವೆ ಇರುವ ಸಣ್ಣ ಪಿನ್ನಿಗೆ ಫೆವಿಕಾಲ್ ಮತ್ತು ಪ್ಲೈವುಡ್ ಹೊಟ್ಟು ಸೇರಿ ಗಟ್ಟಿಯಾಗಿ ಕೂತಿತ್ತು. ಪ್ಯಾಕಿನ ಬಿಸಿ ಎಷ್ಟು ಅಂತ ಚಾರ್ಜರಿಗೆ ತಿಳಿಯುವುದು ಆ ಪಿನ್ನಿನಿಂದಲೇ. ಅದು ಸಿಗದಿದ್ದರೆ ಚಾರ್ಜರ್ ಮುಂದೆ ಹೋಗುವುದಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಹಸಿರು ದೀಪ ಬಂತು. ರಾಯಚೂರಿನಲ್ಲಿ ಮೇ ತಿಂಗಳು ಕೆಲಸ ಮಾಡಿದಾಗಲೂ ಹೀಗೇ ಆಗಿತ್ತು. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಿಂದ ತೆಗೆದ ಪ್ಯಾಕ್ ಚಾರ್ಜ್ ಆಗುತ್ತಲೇ ಇರಲಿಲ್ಲ. ನೆರಳಲ್ಲಿ ಒಂದು ತಾಸು ಇಟ್ಟ ಮೇಲೆ ತಾನಾಗೇ ಹಿಡಿಯಿತು.

ಇನ್ನು ಹಸಿದ ಪ್ಯಾಕ್. ಅಳಿಯ ವಿಡಿಯೋದಲ್ಲಿ ನೋಡಿದ್ದ ಜಂಪ್ ವಿಧಾನ ಮೊದಲು ಮಾಡಿದೆವು. ತುಂಬಿದ ಪ್ಯಾಕಿನ ಪ್ಲಸ್ಸಿಗೆ ಇದರ ಪ್ಲಸ್, ಮೈನಸ್ಸಿಗೆ ಮೈನಸ್, ಎರಡು ತುಂಡು ವೈರ್. ತಾಗಿಸಿದ ಕೂಡಲೇ ಚಟ್ ಅಂತ ಕಿಡಿ. ಹತ್ತು ಎಣಿಸುವಷ್ಟರಲ್ಲಿ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿಗೆ ಅಂಟಿತು. ನಾಲ್ಕೈದು ಸಲ ತಾಗಿಸಿ ಬಿಟ್ಟ ಮೇಲೆ ಚಾರ್ಜರ್ ಒಪ್ಪಿತು. ಕೆಲಸ ಆಯಿತು, ಅದು ನಿಜ. ಆದರೂ ಮತ್ತೆ ಮಾಡುವುದಿಲ್ಲ. ಎರಡು ಪ್ಯಾಕಿನ ನಡುವೆ ಏಳೆಂಟು ವೋಲ್ಟ್ ಅಂತರ ಇದ್ದಾಗ ಹರಿಯುವ ಕರೆಂಟಿಗೆ ಲಗಾಮು ಅನ್ನುವುದೇ ಇಲ್ಲ, ಹತ್ತಾರು ಆಂಪಿಯರ್ ನುಗ್ಗುತ್ತದೆ. ಬಸಿದುಹೋದ ಸೆಲ್ಲಿಗೆ ನಿಧಾನವಾಗಿ ಉಣಿಸಬೇಕು. ಉಪವಾಸ ಇದ್ದವನಿಗೆ ಮೊದಲು ಗಂಜಿ ಕೊಡುತ್ತೇವಲ್ಲ, ಹಾಗೆ.

ಆಮೇಲೆ ಪಕ್ಕದ ಸೈಟಿನ ಇಲೆಕ್ಟ್ರಿಷಿಯನ್ ಇಂಥದ್ದೇ ಪ್ಯಾಕ್ ತಂದ, 12.9 ವೋಲ್ಟ್, ಐದೂ ಸೆಲ್ ಸಮ. ಇದನ್ನು ಮೊಬೈಲ್ ರಿಪೇರಿ ಮಾಡುವ ಗೆಳೆಯನ ಅಂಗಡಿಗೆ ಒಯ್ದೆ. ಅವರ ಟೇಬಲ್ ಮೇಲೆ 15 ವೋಲ್ಟ್, 2 ಆಂಪಿಯರ್‌ವರೆಗೆ ಕೊಡುವ ಪವರ್ ಸಪ್ಲೈ ಇತ್ತು. ವೋಲ್ಟ್ 15ಕ್ಕೆ, ಕರೆಂಟ್ 0.3ಕ್ಕೆ ಕಟ್ಟಿ ಬಿಟ್ಟೆವು. ಕಿಡಿ ಇಲ್ಲ, ಬಿಸಿ ಇಲ್ಲ. ಐದು ನಿಮಿಷಕ್ಕೊಮ್ಮೆ ಸೆಲ್ ಮುಟ್ಟಿ ನೋಡುತ್ತಾ ಕೂತೆ. ಅರ್ಧ ತಾಸಿನಲ್ಲಿ ಪ್ರತಿ ಸೆಲ್ 3ರ ಹತ್ತಿರ ಬಂತು, ಚಾರ್ಜರ್ ಒಪ್ಪಿತು. ತುಂಬಿದ ಮೇಲೆ ಒಂದು ದಿನ ಸುಮ್ನೆ ಇಟ್ಟು ಮತ್ತೆ ಸೆಲ್ ಸೆಲ್ ಅಳೆದೆವು. ಯಾವುದೂ ಇಳಿದಿರಲಿಲ್ಲ. ಇಳಿದಿದ್ದರೆ ಆ ಸೆಲ್ ಒಳಗೇ ಸೋರುತ್ತಿದೆ ಅಂತ ಅರ್ಥ, ಆ ಪ್ಯಾಕ್ ಬಳಸಬಾರದು. ನನ್ನ ಮಟ್ಟಿಗೆ ಸಮವಾಗಿ ಹಸಿದ ಪ್ಯಾಕಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ 0.4ಕ್ಕೆ ಬಿದ್ದ ಸೆಲ್ಲಿಗೆ ಈ ಗಂಜಿಯೂ ಬೇಡ. 2 ವೋಲ್ಟಿಗಿಂತ ಕೆಳಗೆ ತಿಂಗಳುಗಟ್ಟಲೆ ಇದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗಬಹುದು. ಬೆಂಕಿ ಹತ್ತುವುದು ಹೀಗೆ. ದಯವಿಟ್ಟು ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಹಾಗಾಗಿ ಅದಕ್ಕೆ ಸೆಲ್ ಬದಲಿಸುವುದು. ಮೊದಲು ಒಂದು ಅಂಗಡಿಯಲ್ಲಿ ಆ ಒಂದೇ ಸೆಲ್ ಬದಲಿಸಿ ಕೊಟ್ಟರು. ಡ್ರಿಲ್ 75 ಎಂಎಂ ಸ್ಕ್ರೂವನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು. ಟ್ರಿಗರ್ ಒತ್ತಿ ಹಿಡಿದು ಅಳೆದರೆ, ಹಳೆಯ ನಾಲ್ಕು 3.4ರಲ್ಲಿ ನಿಂತಿವೆ, ಹೊಸದೇ 2.1ಕ್ಕೆ ಕುಸಿಯುತ್ತಿದೆ! ಅದರ ಮೇಲೆ 6800 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದಿತ್ತು. 18650 ಗಾತ್ರದಲ್ಲಿ (18 ಎಂಎಂ ದಪ್ಪ, 65 ಎಂಎಂ ಉದ್ದ) ಅಷ್ಟು ತುಂಬುವುದಿಲ್ಲ, ಒಳ್ಳೆಯವೂ ಸಾಮಾನ್ಯವಾಗಿ 3500ರ ಆಸುಪಾಸು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 34 ಗ್ರಾಂ. ಒಳ್ಳೆಯ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ.

ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ಯಾಮ್ಸಂಗ್ 25ಆರ್ ಸೆಲ್ ಐದು ತರಿಸಿದೆ. 2500 ಎಂಎಎಚ್, ಆದರೆ 20 ಆಂಪಿಯರ್ ಎಳೆದರೂ ತಾಳುತ್ತವೆ. ಡ್ರಿಲ್ಲಿಗೆ ಬೇಕಾದದ್ದು ಈ ತಾಕತ್ತು. ಐದನ್ನೂ ಒಟ್ಟಿಗೆ ಬದಲಿಸಿ, ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ ಮಾಡಿಸಿದೆ. ನೇರವಾಗಿ ಸೆಲ್ಲಿನ ಮೇಲೆ ಸೋಲ್ಡರ್ ಮಾಡಿದರೆ ಕಾವಿಗೆ ಸೆಲ್ ಹಾಳಾಗುತ್ತದೆ. ಖರ್ಚು ಹೊಸ ಪ್ಯಾಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ವೆಲ್ಡಿಂಗ್ ಮಾಡುವವರು ಹತ್ತಿರ ಇಲ್ಲದಿದ್ದರೆ ಹೊಸ ಪ್ಯಾಕೇ ತಗೊಳ್ಳಿ. ಅಗ್ಗದ ಹೆಸರಿಲ್ಲದ ಪ್ಯಾಕ್ ಕೂಡ ಒಂದು ತಂದಿದ್ದೆ. ಒಳಗೆ ಅದೇ ಹಗುರ ಸೆಲ್‌ಗಳು.

ತೆಗೆದ ಸೆಲ್‌ಗಳ ತುದಿಗೆ ಟೇಪ್ ಸುತ್ತಿ, ಮರಳು ತುಂಬಿದ ಪೇಂಟ್ ಡಬ್ಬಿಯಲ್ಲಿ ಹಿತ್ತಲಲ್ಲಿ ಇಟ್ಟಿದ್ದೆ. ಹೋದ ತಿಂಗಳು ಇ-ತ್ಯಾಜ್ಯದವರಿಗೆ ಕೊಟ್ಟೆ. ಈ ಸಲ ಮಳೆ ಶುರುವಾಗುವ ಮೊದಲೇ ನಾಲ್ಕೂ ಪ್ಯಾಕ್‌ಗಳನ್ನು ಡ್ರಿಲ್ಲಿನಿಂದ ಬಿಚ್ಚಿ, ಅರ್ಧಕ್ಕಿಂತ ತುಸು ಜಾಸ್ತಿ ಚಾರ್ಜ್ ಮಾಡಿ ಒಣ ಜಾಗದಲ್ಲಿ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಅಳಿಯ ಅಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯುತ್ತಾನೆ. ಮೊನ್ನೆಯ ಸಾಲು: 18.9, 18.8, 18.9, 18.7.